ಅತ್ತೆ ಮೆಚ್ಚಿದ ಪಾಸ್ತಾ

ಮದುವೆಯಾಗಿ ಕಾಡುಗೋಡಿಗೆ ಬಂದ ಹೊಸದರಲ್ಲೇ ಅತ್ತೆ ಅಡುಗೆಮನೆಯನ್ನು ನನಗೆ ಬಿಟ್ಟುಕೊಟ್ಟರು. ಆಮೇಲೆ ಅವರು ಒಲೆ ಮುಂದೆ ನಿಂತಿದ್ದನ್ನು ನಾನು ನೋಡಲಿಲ್ಲ. ಸಾರು ಚೆನ್ನಾಗಿದ್ದ ದಿನ ಸುಮ್ಮನೆ ಉಂಡು ಏಳುತ್ತಿದ್ದರು, ಕೆಟ್ಟ ದಿನ ಪಕ್ಕದ ಮನೆಗೂ ಕೇಳುವ ಹಾಗೆ ಹೇಳುತ್ತಿದ್ದರು. ನನ್ನ ಮಗಳು ಬೆಳೆದು ಕೆಲಸಕ್ಕೆ ಸೇರಿದರೂ ಅವರ ಬಾಯಿಂದ ಒಂದು ಹೊಗಳಿಕೆ ಬರಲಿಲ್ಲ. ಅವರ ಸ್ವಭಾವವೇ ಅಷ್ಟು ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ.

ಹೋದ ವರ್ಷ ನನ್ನ ಹುಟ್ಟುಹಬ್ಬಕ್ಕೆ ಮಗಳು ನನ್ನನ್ನೂ ಅತ್ತೆಯನ್ನೂ ವೈಟ್‌ಫೀಲ್ಡಿನ ಒಳರಸ್ತೆಯಲ್ಲಿರುವ ಇಟಾಲಿಯನ್ ಹೋಟೆಲಿಗೆ ಕರೆದುಕೊಂಡು ಹೋದಳು. ಹೊರಗಿಂದ ನೋಡಿದರೆ ಯಾರದೋ ಹಳೇ ಮನೆ. ಹಜಾರದಲ್ಲೇ ಮೇಜು ಹಾಕಿದ್ದರು, ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಇಟಲಿಯಿಂದ ಬಂದು ಇಲ್ಲೇ ನೆಲೆಸಿದ ಹೆಂಗಸೊಬ್ಬರು ತಮ್ಮ ತಾಯಿ ಮಾಡುತ್ತಿದ್ದ ಅಡುಗೆಗಳನ್ನೇ ಮಾಡಿ ಬಡಿಸುತ್ತಾರೆ ಎಂದು ಮಗಳು ಹೇಳಿದಳು.

ಟೊಮೇಟೊ, ಬೆಳ್ಳುಳ್ಳಿ ಹಾಕಿದ ಪಾಸ್ತಾ ಬಂತು.

"ಇದೇನೇ ಇದು, ಮಗು ಕಿವಿ ಇದ್ದಂಗೈತೆ?" ಅಂದರು ಅತ್ತೆ.

ಈಗ ತಟ್ಟೆ ತಳ್ಳುತ್ತಾರೆ ಅಂತ ಕಾಯುತ್ತಿದ್ದೆ. ತಳ್ಳಲಿ ಅಂತಲೂ ಮನಸ್ಸಿನಲ್ಲಿತ್ತು. ಅವರು ಚಮಚ ಪಕ್ಕಕ್ಕಿಟ್ಟು ಕೈಯಲ್ಲೇ ತಿಂದರು. ತಳದ ರಸವನ್ನು ಬ್ರೆಡ್ಡಿನಿಂದ ಒರೆಸಿ ತಿಂದರು. ಆಮೇಲೆ, "ಚೆಂದಾಗೈತೆ ಕಣಮ್ಮಿ. ಭಾರಿ ಚೆಂದಾಗೈತೆ," ಅಂದರು.

ತಟ್ಟೆ ತಳ್ಳಿದವಳು ನಾನು.

ಅಷ್ಟರಲ್ಲಿ ಅಡುಗೆ ಮಾಡಿದ ಆಕೆಯೇ ಹೊರಗೆ ಬಂದರು. ನರೆಗೂದಲು, ಮೊಣಕೈವರೆಗೂ ಹಿಟ್ಟು. ಅತ್ತೆ ಆ ಕೈ ಹಿಡಿದುಕೊಂಡು, "ನೀನೇನಾ ಮಾಡಿದ್ದು? ಒಳ್ಳೆ ಕೈ ಕಣವ್ವ ನಿಂದು," ಅಂದರು. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ನಕ್ಕು, ಹಿಟ್ಟನ್ನು ಹೆಬ್ಬೆರಳಿನಲ್ಲಿ ಒತ್ತುವುದು ಹೇಗೆಂದು ತೋರಿಸಿ ಅತ್ತೆಯನ್ನು ಒಳಗೆ ಕರೆದುಕೊಂಡು ಹೋದರು. ನನ್ನ ಅಡುಗೆಮನೆಯಲ್ಲಿ ಒಂದು ಈರುಳ್ಳಿ ಹೆಚ್ಚದ ಅತ್ತೆ ಅಲ್ಲಿ ಸೆರಗು ಸಿಕ್ಕಿಸಿಕೊಂಡು ಹಿಟ್ಟು ಒತ್ತುತ್ತಾ ನಿಂತರು.

"ಎಷ್ಟು ಕ್ಯೂಟ್ ಅಲ್ವಾಮ್ಮ?" ಅಂತ ಮಗಳು ಫೋಟೋ ತೆಗೆದಳು.

"ಹೂಂ," ಅಂದೆ. ಹುಟ್ಟುಹಬ್ಬ ಯಾರದು ಅನ್ನುವುದು ಯಾರಿಗೂ ನೆನಪಿದ್ದ ಹಾಗೆ ಕಾಣಲಿಲ್ಲ.

ಮನೆಗೆ ಬಂದ ಮೇಲೂ ಅತ್ತೆಯದು ಅದೇ ಮಾತು. ತಡೆಯಲಾರದೆ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ನೋಡಿಕೊಂಡು ನಾನೇ ಹಿಟ್ಟು ಕಲಸಿ, ಬೆರಳು ನೋಯುವ ತನಕ ಒತ್ತಿದೆ. ಅತ್ತೆ ಒಂದೇ ಒಂದು ಬಾಯಿಗೆ ಹಾಕಿಕೊಂಡು, "ಅವಳ ಕೈರುಚಿ ಬರ್ನಿಲ್ಲ ಬುಡು," ಅಂದರು. ಆವತ್ತು ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ಅವರೆಕಾಯಿ ಕಾಲದಲ್ಲಿ ಅತ್ತೆ ಆ ಹೋಟೆಲಿನಾಕೆಯನ್ನು ಊಟಕ್ಕೆ ಕರೆದರು. ಹಿಸುಕಿದ ಬೇಳೆ ಸಾರು, ಮುದ್ದೆ ಮಾಡಬೇಕಾದವಳು ನಾನು. ಸಾರು ಕೆಡಿಸಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಕೈ ಬರಲಿಲ್ಲ.

ಆಕೆ ಅತ್ತೆಯ ಪಕ್ಕ ಕೂತು, ಅವರು ತೋರಿಸಿದ ಹಾಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಎರಡನೇ ಸಲ ಸಾರು ಹಾಕಿಸಿಕೊಂಡರು. ಊಟ ಮುಗಿದ ಮೇಲೆ ನೇರವಾಗಿ ನನ್ನ ಹತ್ತಿರ ಬಂದು, ನನ್ನ ಒದ್ದೆ ಕೈಗಳನ್ನು ಹಿಡಿದು, ಕಲಿತುಕೊಂಡು ಬಂದ ಕನ್ನಡದಲ್ಲಿ "ತುಂಬಾ ಚೆನ್ನಾಗಿದೆ, ಅಕ್ಕಾ," ಅಂದರು.

"ಉಪ್ಪು ಒಂಚೂರು ಮುಂದಾಗೈತೆ," ಅಂತ ಅತ್ತೆ ಕೂತಲ್ಲಿಂದಲೇ ಅಂದರು.

ಮಗಳು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ತಲೆ ಅಲ್ಲಾಡಿಸಿ, "ಇಲ್ಲ, ಇಲ್ಲ. ಸರಿ ಇದೆ," ಅಂದುಬಿಟ್ಟರು. ಅತ್ತೆಯ ಮುಖ ಸಣ್ಣದಾಯಿತು. ಎಷ್ಟೋ ವಾರ ನನ್ನ ಮುಖ ಹಾಗೇ ಇದ್ದಿರಬೇಕು.

ಖುಷಿಯಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕಾದಿದ್ದ ಮಾತನ್ನು ಹೇಳಬೇಕಾದವರು ಬೇರೆ, ಹೇಳಿದವರು ಬೇರೆ. ಆಕೆ ಒಳ್ಳೆಯವರು ಅಂತ ಗೊತ್ತಾದ ಮೇಲೂ ಹೊಟ್ಟೆಯೊಳಗಿನ ಉರಿ ಪೂರ್ತಿ ಆರಲಿಲ್ಲ.

ಅತ್ತೆ ಈಗಲೂ ಆಗಾಗ ಅಲ್ಲಿಗೆ ಹಿಟ್ಟು ಒತ್ತಲು ಹೋಗುತ್ತಾರೆ. ಅವರು ಮಂಡಿನೋವಿನವರು, ಒಬ್ಬರೇ ಆಟೋ ಹತ್ತಲು ಕಷ್ಟ ಅಂತ ನೆಪ ಹೇಳಿ ನಾನೂ ಹೋಗುತ್ತೇನೆ. ಅವರಿಬ್ಬರನ್ನೇ ಬಿಟ್ಟು ಮನೆಯಲ್ಲಿ ಕೂರಲು ನನ್ನಿಂದಾಗುವುದಿಲ್ಲ.