ಇಬ್ಬರ ಮುದ್ರೆಯ ಗಂಟು

ಸಂತೆಯಲ್ಲಿ ಇಬ್ಬರಿಗೆ ತೂಕದ ಜಗಳ ಬಂದರೆ ಮೂರನೆಯವನ ತಕ್ಕಡಿಗೆ ಹೋಗುತ್ತಾರೆ. ಇದಕ್ಕೆ ಶಾಲೆ ಕಲಿಯಬೇಕಾಗಿಲ್ಲ. ನಾನು ಕಲಿತದ್ದು ಎರಡನೆಯ ಇಯತ್ತೆ, ಅದೂ ಅರ್ಧ. ದೇಶದೇಶಗಳ ಗಣಿಪಂಡಿತರು ಸಂಘ ಕಟ್ಟಿಕೊಂಡು, ಸಮುದ್ರದಾಚೆ ಸಭೆ ಸೇರಿ, ಕೊನೆಗೆ ಇದೇ ಬುದ್ಧಿಗೆ ಬಂದರೆಂದು ಕೇಳಿದಾಗ ನನಗೆ ನನ್ನ ಮೇಲೆಯೇ ಗೌರವ ಹುಟ್ಟಿತು.

ಕುಷ್ಟಗಿಯ ಕಡೆಯ ಗುಡ್ಡಗಳಲ್ಲಿ ಬಂಗಾರ ಹುಡುಕಲು ಇಬ್ಬರು ಸಾಹೇಬರು ಬಂದಿದ್ದರು, ಒಬ್ಬ ಇಂಗ್ಲೆಂಡಿನವ, ಒಬ್ಬ ಜರ್ಮನಿಯವ. ನಮ್ಮ ಯಜಮಾನರು ಅವರ ಗುಮಾಸ್ತರು. ಇಬ್ಬರ ಸಂಘಗಳೂ ಮೊದಲೇ ಮಾತಾಡಿಕೊಂಡಿದ್ದವಂತೆ: ಕುಟ್ಟಿದ ಕಲ್ಲಿನ ಪುಡಿಯನ್ನು ಮೂರು ಗಂಟು ಕಟ್ಟಬೇಕು, ಒಂದೊಂದನ್ನು ಇವರಿಬ್ಬರು ಪರೀಕ್ಷಿಸಬೇಕು, ಫಲ ತಾಳೆಯಾಗದಿದ್ದರೆ, ಇಬ್ಬರ ಮುದ್ರೆಯೂ ಇರುವ ಮೂರನೆಯದು ಬೇರೊಂದು ದೇಶದ ಪಂಡಿತನಿಗೆ ಹೋಗಬೇಕು. ಅಲ್ಲಿಯವರೆಗೆ ಅದು ಇಬ್ಬರೂ ಒಪ್ಪಿದವರ ಮನೆಯಲ್ಲಿರಬೇಕು. ಆ ಸೌಭಾಗ್ಯ ನಮ್ಮದಾಯಿತು. ಇದೆಂಥ ಸ್ನೇಹ, ನಂಬಿಕೆಯಿಲ್ಲದವರ ಬೀಗತನ ಎಂದು ನಾನು ನಕ್ಕಿದ್ದೆ.

ಅಷ್ಟರಲ್ಲಿ ಯುದ್ಧ ಬಂತು. ಜರ್ಮನಿಯವನನ್ನು ಸರ್ಕಾರ ಹಿಡಿದು ಒಯ್ದಿತು. ಗಂಟು ಮಾತ್ರ ಯಲಬುರ್ಗಿಯ ನಮ್ಮ ಮನೆಯಲ್ಲಿ, ಜೋಳದ ಚೀಲಗಳ ಹಿಂದೆ ಉಳಿಯಿತು. ವೈರಿಯ ಸಾಮಾನು ಇಟ್ಟುಕೊಂಡವರನ್ನೂ ಒಯ್ಯುತ್ತಾರೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ರೊಟ್ಟಿ ಬಡಿಯುವ ಸದ್ದಿನಲ್ಲೂ ನನಗೆ ಬೂಟಿನ ಸಪ್ಪಳವೇ ಕೇಳುತ್ತಿತ್ತು.

“ಬಾವಿಗೆ ಒಗದು ಬರ್ರಿ ಅದನ್ನ,” ಎಂದೆ.

“ಇಬ್ಬರ ಮುದ್ರಿ ಐತಿ. ಇಬ್ಬರೂ ಹೇಳಬೇಕು,” ಎಂದರು ಯಜಮಾನರು.

“ಆ ಮುದ್ರಿ ನಿಮಗ ಜೇಲಿನ್ಯಾಗ ರೊಟ್ಟಿ ಬಡದು ಹಾಕ್ತೈತೇನು?”

ಒಂದು ಮಧ್ಯಾಹ್ನ ಪೊಲೀಸ್ ಅಮೀನ ಬಂದೇ ಬಂದ. ಹಿಂದೆಯೇ ಇಂಗ್ಲೆಂಡಿನ ಸಾಹೇಬ. ಇನ್ನು ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ನೀವೇ ಹೇಳಿ, ತನ್ನ ವೈರಿಯ ಗಂಟನ್ನು ಯಾರಾದರೂ ಬಿಟ್ಟಾರೆಯೇ? ಅಮೀನ ಅದನ್ನು ಹೊರಗೆಳೆದು ಚಾಕು ತೆಗೆದ. ಸಾಹೇಬ ಅವನ ಕೈ ಹಿಡಿದುಕೊಂಡ. ವರ್ಷಗಟ್ಟಲೆ ನಮ್ಮ ಸೀಮೆಯ ಧೂಳು ನುಂಗಿ ನಮ್ಮ ಮಾತನ್ನೂ ಕಲಿತವನು ಅವನು.

“ಅಂವ ದುಷ್ಮನ್ ಅಲ್ಲೇನ್ರಿ, ಸಾಹೇಬ್ರ?” ಎಂದ ಅಮೀನ.

“ದುಷ್ಮನ್ ಖರೆ. ಆದ್ರ ಕಲ್ಲು ಅವಂದೂ ಐತಿ. ಅಂವ ಬರೂತನ ಬಿಚ್ಚಬ್ಯಾಡ್ರಿ. ಇವರು ಇಟ್ಕೊಂಡದ್ದು ನನ್ನ ಮಾತಿನ ಮ್ಯಾಲ.”

ಅಮೀನ ಗೊಣಗುತ್ತ ಹೊರಟ. ಯಜಮಾನರು ಗಂಟನ್ನು ಮತ್ತೆ ಜೋಳದ ಚೀಲಗಳ ಹಿಂದೆ ಇಟ್ಟು ಬಂದು ನೀರು ಕೇಳಿದರು. ಲೋಕವೆಲ್ಲ ಬಡಿದಾಡುವಾಗ ಆ ಪಂಡಿತರ ಒಪ್ಪಂದ ಇಷ್ಟಾದರೂ ಕೆಡದೆ ಉಳಿದಿತ್ತು, ಅದೂ ಒಂದು ಅರಿವೆಯ ಗಂಟಿನಲ್ಲಿ, ನನ್ನ ಮನೆಯಲ್ಲಿ. ಹಾಗೆಂದು ನನ್ನ ಭಯ ಹೋಯಿತು ಎನ್ನಬೇಡಿ. ಜೋಳವಿದ್ದಲ್ಲಿ ಇಲಿಗಳು ಇದ್ದೇ ಇರುತ್ತವೆ, ಇಲಿಗೆ ಯಾರ ಮುದ್ರೆಯೂ ತಿಳಿಯದು. ಸಂಜೆಯೊಳಗೆ ನೆರೆಮನೆಗೆ ಹೋಗಿ ಅವರ ಬೆಕ್ಕನ್ನು ಕೇಳಿ ತಂದೆ.