ನಾಲಗೆಗೆ ಅಂಟದ ಕಲ್ಲು

ಕಲ್ಲು ನನ್ನ ನಾಲಗೆಗೆ ಅಂಟಲಿಲ್ಲ. ತಣ್ಣಗಿತ್ತು, ನುಣ್ಣಗಿತ್ತು, ಅಂಚಿನಲ್ಲಿ ಸ್ವಲ್ಪ ಕುಂಕುಮದ ರುಚಿ.

ಎದುರಿಗೆ ಕೂತಿದ್ದ ದಾನಿ ಬೆಚ್ಚಿಬಿದ್ದರು. ಸೂರತ್‌ನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಗಿರಣಿ ಅವರದು. ಅಜ್ಜನ ಕಾಲದಿಂದ ಮನೆಯಲ್ಲಿದ್ದ ಈ ಕಲ್ಲು ಡೈನೋಸಾರ್‌ನ ತೊಡೆಮೂಳೆ ಎಂದು ನಂಬಿ, ಅದನ್ನು ನಮ್ಮ ಮ್ಯೂಸಿಯಂಗೆ ಕೊಡಲು ಅಹಮದಾಬಾದ್‌ಗೆ ಬಂದಿದ್ದರು. ನಮ್ಮ ಹೊಸ ಗ್ಯಾಲರಿ ಎದ್ದಿದ್ದೂ ಅವರ ನೆರವಿನಿಂದಲೇ.

"ಬೇಟಾ, ಅದನ್ನು ನಮ್ಮಮ್ಮ ದೇವರ ಮುಂದೆ ಇಟ್ಟಿದ್ದರು!" ಎಂದರು.

ಪಳೆಯುಳಿಕೆಯಾದ ಮೂಳೆಯಲ್ಲಿ ಸಾಮಾನ್ಯವಾಗಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅವು ಒದ್ದೆಯನ್ನು ಹೀರುವುದರಿಂದ ಅದು ನಾಲಗೆಗೆ ಅಂಟುತ್ತದೆ. ಬಯಲಿನಲ್ಲಿ ಹುಡುಕುವಾಗ ಪಳೆಯುಳಿಕೆ ತಜ್ಞರಾದ ನಾವು ಮೊದಲು ಮಾಡುವುದೇ ಈ ಪರೀಕ್ಷೆ. ಎಲ್ಲ ಸಲವೂ ಇದನ್ನೇ ನೆಚ್ಚಲಾಗದು ಎಂದು ಗೊತ್ತಿದ್ದರಿಂದ ಮುರಿದ ತುದಿಯನ್ನು ಆಗಲೇ ಭೂತಗನ್ನಡಿಯಲ್ಲಿ ನೋಡಿದ್ದೆ. ಮೂಳೆಯ ಒಳಗಿನ ಜಾಲರಿಯಂಥ ರಚನೆ ಎಲ್ಲೂ ಇರಲಿಲ್ಲ. ನದಿಯಲ್ಲಿ ಉರುಳಿ ಸವೆದ ಕಲ್ಲು, ಆಕಾರ ಮಾತ್ರ ಮೂಳೆಯದು.

ಹಾಗೆಂದೇ ಹೇಳಿದೆ. ದಾನಿ ಮುಖ ಗಂಟಿಕ್ಕಿಕೊಂಡು, ಕಲ್ಲನ್ನು ಅಲ್ಲೇ ಬಿಟ್ಟು ಹೊರಟುಹೋದರು. ಪಕ್ಕದಲ್ಲೇ ಕೂತಿದ್ದ ಮ್ಯೂಸಿಯಂ ನಿರ್ದೇಶಕರು ಎದ್ದು ಬಾಗಿಲು ಮುಂದೆ ಮಾಡಿ, ಮೆಲ್ಲಗೆ, "ನಾಳೆ ಬೆಳಿಗ್ಗೆ ಲೇಬಲ್ ಬೇಕು. 'ಡೈನೋಸಾರ್ ತೊಡೆಮೂಳೆ', ಅಷ್ಟೇ. ನಿಮ್ಮ ಗುತ್ತಿಗೆ ಮುಂದುವರಿಸುವ ವಿಷಯವೂ ನನ್ನ ಮೇಜಿನ ಮೇಲಿದೆ," ಎಂದರು.

ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದು ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ಧಾರವಾಡ ಬಿಟ್ಟು ಎಷ್ಟೋ ವರ್ಷವಾದರೂ ನಮ್ಮ ಮನೆಯಲ್ಲಿ ಎಂಜಲು-ಮುಸುರೆಯ ಲೆಕ್ಕ ಸಡಿಲವಾಗಿಲ್ಲ. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಪೂಜಾದ ಕಲ್ಲು ನೆಕ್ಕಿದಿ? ಮಂದಿ ಎದುರಿಗೆ? ನಾಳೆ ಯಾರಾರ ಹುಡುಗಿ ಏನ್ ಮಾಡ್ತಾಳ ಅಂತ ಕೇಳಿದ್ರ, ಕಲ್ಲು ನೆಕ್ಕತಾಳ ಅಂತ ಹೇಳಲೇನು?"

"ಹೇಳು. ಖರೇನ ಅದ."

"ನೋಡ್ರಿ, ನೋಡ್ರಿ ಇಕಿ ಮಾತು!"

ಅಪ್ಪ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಉಪಕರಣಗಳನ್ನು ಪರೀಕ್ಷಿಸುವವರು. ತಟ್ಟೆಯಿಂದ ತಲೆ ಎತ್ತದೆ, "ಬರದು ಕೊಟ್ಟು ಸುಮ್ನಾಗವಾ. ಲೇಬಲ್ ಯಾರ್ ಓದ್ತಾರ?" ಎಂದರು.

"ರೀಡಿಂಗ್ ತಪ್ಪು ಅದ ಅಂತ ಗೊತ್ತಿದ್ದೂ ನೀವು ಬರೀತೀರೇನಪ್ಪಾ?"

ಅವರು ಮಜ್ಜಿಗೆ ಹಾಕಿಸಿಕೊಂಡರು. ಅಮ್ಮ ಮಾತ್ರ ಬಿಡಲಿಲ್ಲ. "ಆ ಮನಿಷ್ಯಾನ ಅವ್ವ ಅದರ ಮುಂದ ದೀಪಾ ಹಚ್ಚಿದ್ಲು ಅಂತೀ. ಆಕೀದೆಲ್ಲಾ ಸುಳ್ಳೇನು?"

ಇದು ನನ್ನನ್ನೂ ಕಾಡಿತ್ತು. ಆದರೂ ಹೇಳಿದೆ: "ದೀಪಾ ಹಚ್ಚಲಿಕ್ಕೆ ಅದು ಮೂಳಿ ಆಗಿರಬೇಕಂತಿಲ್ಲವ್ವಾ. ಮೂಳಿ ಅಂತ ಬರೀಲಿಕ್ಕೆ ಆಗಿರಬೇಕು."

ನಾನು ಜಗಳಗಂಟಿಯಲ್ಲ. ಮ್ಯೂಸಿಯಂನಲ್ಲಿ ಎಷ್ಟೋ ದಿನ ಯಾರೊಂದಿಗೂ ಮಾತಿಲ್ಲದೆ ಸಂಜೆಯಾಗುತ್ತದೆ. ಆದರೆ ಕಲ್ಲನ್ನಿಡುವ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ಓದುವವರಿಗೆ ನನ್ನ ಗುತ್ತಿಗೆಯ ವಿಚಾರ ಗೊತ್ತಿರುವುದಿಲ್ಲ. ಅಲ್ಲಿ ಬರೆದದ್ದನ್ನು ಅವರು ನಂಬುತ್ತಾರೆ. ಕೆಲಸ ಹೋದರೆ ಹೋಗಲಿ, ಆ ನಂಬಿಕೆಯನ್ನು ಕೆಡಿಸುವ ಕೈ ನನ್ನದಾಗುವುದು ಬೇಡ ಅನ್ನಿಸಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೋದೆ. ಕಲ್ಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟೆ, ಪಕ್ಕದಲ್ಲಿ ನಿಜವಾದ ಮೂಳೆಯ ತುಂಡೊಂದನ್ನಿಟ್ಟೆ. ಗುಜರಾತಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದೆ: "ನದಿಯಲ್ಲಿ ಸವೆದ ಕಲ್ಲು. ಒಂದು ಮನೆಯಲ್ಲಿ ತಲೆಮಾರುಗಳಿಂದ ಪೂಜೆಗೊಂಡದ್ದು. ಮೂಳೆಯಲ್ಲ. ಪಕ್ಕದ್ದು ಮೂಳೆ. ವ್ಯತ್ಯಾಸ ನೋಡಿ." ಲೇಬಲ್‌ಗೆ ಯಾರೂ ಸಹಿ ಹಾಕುವುದಿಲ್ಲ. ನಾನು ಹಾಕಿದೆ. ಬೀಗ ಹಾಕಿ, ಕೀಲಿಯನ್ನು ನಿರ್ದೇಶಕರ ಮೇಜಿನ ಮೇಲಿಟ್ಟೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ, ಬಯಲಿನಿಂದ ಬಂದ, ಯಾರೂ ಇನ್ನೂ ತೆರೆಯದ ಪೆಟ್ಟಿಗೆಯೊಂದನ್ನು ಬಿಚ್ಚಿ, ಮೇಲಿದ್ದ ತುಣುಕಿನ ಮಣ್ಣು ಉಜ್ಜಿ ನಾಲಗೆಗೆ ಇಟ್ಟೆ.