ಗಂಧ ಒರೆಸದ ರೈಫಲ್

ನನ್ನ ಅಕ್ಕನ ಗಂಡ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ನನಗೆ ಅವರ ಮೇಲೆ ಸಿಟ್ಟಿತ್ತೆಂದು ಯಾರಿಗಾದರೂ ಅನ್ನಿಸಬಹುದು. ಸಿಟ್ಟಿಗೆ ಕಾರಣ ಬೇಕು. ನನಗಿದ್ದದ್ದು ಹೊಟ್ಟೆಕಿಚ್ಚು.

ಭಾವನ ಊರು ಹೊಸನಗರದ ಹತ್ತಿರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಮಂಡಗದ್ದೆಯಿಂದ ಒಳಗೆ. ಶರಾವತಿ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಒಬ್ಬ ಇಂಜಿನಿಯರು ವರ್ಗವಾಗಿ ಹೋಗುವಾಗ ತನ್ನ ವಿಲಾಯಿತಿ ರೈಫಲನ್ನು ಸಾಗರದಲ್ಲಿ ಭಾವನಿಗೆ ಮಾರಿದ. ಬೋಲ್ಟಿನ ರೈಫಲ್. ಬಾಗಿಲ ಚಿಲಕದ ಹಾಗೆ ಬೋಲ್ಟನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ ಮಡಚಿದರೆ ತೋಟಾ ಒಳಗೆ ಹೋಗಿ ಕೂರುತ್ತಿತ್ತು. ನಮ್ಮ ಸೀಮೆಯಲ್ಲಿ ಆಗ ಇದ್ದದ್ದೆಲ್ಲ ಹಂದಿ ಓಡಿಸುವ ಕೋವಿಗಳು. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಸ್ವಲ್ಪ ಅನುಕೂಲಸ್ಥರಾದರೆ ಜೋಡುನಳಿಗೆ. ದೂರದ ಗುರಿಗೆ ಅವು ಸದ್ದನ್ನಷ್ಟೇ ಮುಟ್ಟಿಸುತ್ತಿದ್ದವು.

ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆಗೆ ಊರಿನ ಲೈಸೆನ್ಸಿನ ಕೋವಿಗಳೆಲ್ಲ ನಮ್ಮ ಮನೆಯ ಜಗಲಿಗೆ ಬರುತ್ತಿದ್ದವು. ಅಲ್ಲಿ ಸಾಲಾಗಿ ಮಲಗಿಸಿ ಗಂಧ, ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದೆವು. ಮಾರನೆಯ ದಿನ ಬೆಳಿಗ್ಗೆ ಗದ್ದೆ ಬಯಲಿನ ಈಚೆ ದಡದಲ್ಲಿ ನಿಂತು ಆಚೆಯ ಧರೆಗೆ, ಆ ಕಡಿದಾದ ಮಣ್ಣಿನ ದಿಬ್ಬಕ್ಕೆ, ಒರಗಿಸಿಟ್ಟ ತೆಂಗಿನಕಾಯಿಗೆ ಗುಂಡು ಹೊಡೆಯುವುದು. ಒಬ್ಬೊಬ್ಬರಿಗೆ ಮೂರು ತೋಟಾ. ಆ ಗುಂಡು ಮುಗಿಯುವ ತನಕ ಯಾರೂ ತಮ್ಮ ಕೋವಿಯ ಗಂಧ ಒರೆಸುವ ಹಾಗಿಲ್ಲ. ಒರೆಸಿದರೆ ಪೂಜೆ ಅರ್ಧಕ್ಕೇ ಬಿಟ್ಟ ಹಾಗೆ. ಬಯಲು ಅಗಲವಾಗಿತ್ತು, ಇನ್ನೂರು ಹೆಜ್ಜೆಗೆ ಕಡಿಮೆ ಇಲ್ಲ. ಕಾಯಿಗೆ ಗುಂಡು ತಾಗಿದ್ದನ್ನು ನೋಡಿದವರೇ ಇರಲಿಲ್ಲ. ಎಲ್ಲರೂ ಧರೆಯ ಮಣ್ಣು ಹಾರಿಸಿ, ನಕ್ಕು, ಊಟಕ್ಕೆ ಬರುತ್ತಿದ್ದರು.

ಹಬ್ಬಕ್ಕೆ ಬರುವಾಗ ಭಾವ ಆ ರೈಫಲ್ ತಂದ ವರ್ಷ ಮೊದಲನೇ ಗುಂಡಿಗೇ ಕಾಯಿ ಎರಡು ಹೋಳಾಯಿತು. ಅದರ ಮರುವರ್ಷವೂ ಹಾಗೇ ಆಯಿತು. ಅವ್ವ ಆರತಿ ತಟ್ಟೆ ತಂದು ಅಳಿಯನಿಗೆ ಬೆಳಗಿದಳು. ಅಪ್ಪ, ಇಪ್ಪತ್ತಾರು ವರ್ಷ ನನ್ನನ್ನು ಸಾಕಿದ ಅಪ್ಪ, ಊರವರ ಎದುರು "ಕೈ ಅಂದ್ರೆ ಅದು ಕಣ್ರೋ" ಎಂದರು. ನನ್ನ ಹೆಂಡತಿ, ಮದುವೆಯಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ, ಹೆಂಗಸರ ಗುಂಪಿನಲ್ಲಿ ನಿಂತು ಕೈ ತಟ್ಟುತ್ತಿದ್ದಳು. ಅಷ್ಟು ಖುಷಿಯಾಗಿ ಅವಳು ನನಗೆ ಯಾವತ್ತೂ ಕೈ ತಟ್ಟಿರಲಿಲ್ಲ. ತಟ್ಟುವಂಥದ್ದು ನಾನೇನೂ ಮಾಡಿರಲಿಲ್ಲ ಎನ್ನುವುದು ಬೇರೆ ಮಾತು.

ಹಾಗಾಗಿ ನನಗೂ ಬೋಲ್ಟಿನ ರೈಫಲ್ ಬೇಕಾಯಿತು. ಅರ್ಜಿಯಲ್ಲಿ ಬೆಳೆ ರಕ್ಷಣೆಗೆ ಎಂದು ಬರೆದೆ. ತೀರ್ಥಹಳ್ಳಿ ಕಚೇರಿಗೆ ಅಲೆದೂ ಅಲೆದು ಲೈಸೆನ್ಸು ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಶಿವಮೊಗ್ಗದ ಕೋವಿ ಅಂಗಡಿಗೆ ಹೊರಟಾಗ ಅಪ್ಪ ಹೇಳಿದರು: "ಒಬ್ಬನೇ ಹೋಗ್ಬೇಡ. ನಿಂಗೆಂತ ಗೊತ್ತಾಗ್ತದೆ? ಭಾವನ್ನ ಕರ್ಕೊಂಡು ಹೋಗು."

ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಆದರೂ ಕರೆದುಕೊಂಡು ಹೋದೆ.

ಅಂಗಡಿಯಲ್ಲಿ ನನಗೆ ಆಗುವಂಥವು ಎರಡಿದ್ದವು. ಒಂದು ನಮ್ಮ ದೇಶದ ಕಾರ್ಖಾನೆಯದು. ದಪ್ಪ ನಳಿಗೆ, ಎತ್ತಿದರೆ ತೋಳು ಜಗ್ಗುವಷ್ಟು ಭಾರ, ಮರಕ್ಕೆ ಸರಿಯಾಗಿ ಪಾಲಿಶ್ ಕೂಡ ಇಲ್ಲ. ಇನ್ನೊಂದು ಯಾರೋ ಕಾಫಿ ತೋಟದ ದೊರೆ ಬಿಟ್ಟುಹೋದದ್ದು. ತೆಳ್ಳಗೆ, ಹಗುರ, ಹಿಡಿಯ ಮೇಲೆ ಬಳ್ಳಿ ಕೆತ್ತನೆ. ಭಾವ ಎರಡರದ್ದೂ ಬೋಲ್ಟು ಹೊರಗೆ ತೆಗೆದು, ನಳಿಗೆಯನ್ನು ಬೀದಿಯ ಬೆಳಕಿಗೆ ಹಿಡಿದು ಹಿಂದಿನಿಂದ ಇಣುಕಿದರು. ಒಳಗಿನ ತಿರುವುಗೆರೆಗಳು ಬಾಯಿಯ ತನಕ ಚೂಪಾಗಿ ಕಾಣಬೇಕಂತೆ. ಬೋಲ್ಟನ್ನು ಕಿರುಬೆರಳಿಂದ ತಳ್ಳಿ ನೋಡಿದರು. ಖಾಲಿ ರೈಫಲಿನ ಟ್ರಿಗರ್ ಒತ್ತಿ, ಕಣ್ಣು ಮುಚ್ಚಿ, ಅದು ಎಲ್ಲಿ ಬಿಡುತ್ತದೆಂದು ಕಿವಿಗೊಟ್ಟು ಕೇಳಿದರು.

ಆಮೇಲೆ ಭಾರದ್ದನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ಕಣ್ಣು ಮುಚ್ಕೊಂಡು ಹೆಗಲಿಗೆ ತಗಾ. ಈಗ ಕಣ್ಣು ಬಿಡು. ನಳಿಗೆ ತುದೀಲಿರೋ ಗುರಿ ಹಿಡಿಯೋ ಮೊನೆ ಹುಡುಕ್ದೇನೆ ಎದುರಿಗೇ ಬಂತಾ?"

ಬಂದಿತ್ತು. ನನ್ನ ಮೈಗೇ ಅಳತೆ ತೆಗೆದು ಮಾಡಿದ ಹಾಗೆ ಬಂದು ಕೂತಿತ್ತು.

"ಇದೇ ನಿಂದು ಮಾರಾಯ. ದೂರದ ಗುರಿಗೆ ಭಾರನೇ ಬೇಕು. ಆ ತೆಳ್ಳಂದು ಮೊದಲ್ನೇ ಗುಂಡು ಸಮ ಹೊಡಿತದೆ, ನಳಿಗೆ ಬಿಸಿಯಾದ್ರೆ ಮೂರನೇದು ಎಲ್ಲಿಗೆ ಹೋಗ್ತದೋ ಹೇಳಕ್ಕಾಗಲ್ಲ."

ಅವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸತ್ಯ. ನನಗೆ ಕೇಳಿದ್ದೇ ಬೇರೆ. ತನಗೆ ವಿಲಾಯಿತಿಯದು, ಭಾಮೈದನಿಗೆ ಪಾಲಿಶ್ ಇಲ್ಲದ್ದು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಆ ದಿನ ನಾನು ರೈಫಲ್ ಆರಿಸಲು ಹೋದವನೇ ಅಲ್ಲ, ಭಾವನ ಸಮಕ್ಕೆ ನಿಲ್ಲಲು ಹೋದವನು. ತೆಳ್ಳಗಿನದನ್ನೇ ಕಟ್ಟಿಸಿದೆ. ಬಸ್ಸಿನಲ್ಲಿ ಭಾವ ನನ್ನ ರೈಫಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯಿಂದ ಧೂಳು ಬೀಳದ ಹಾಗೆ ಪಂಚೆ ಹೊದಿಸಿ ತಂದರು. ಆ ಒಳ್ಳೆಯತನವೂ ನನಗೆ ಉರಿ ತರಿಸಿತು.

ಮನೆಗೆ ಬಂದು ಧರೆಗೆ ಹೊಡೆದು ನೋಡಿದೆ. ಮೊದಲನೆಯದು ಸಮ, ಎರಡನೆಯದು ಗೇಣು ಬಲಕ್ಕೆ, ಮೂರನೆಯದು ದೇವರಿಗೇ ಪ್ರೀತಿ. ಯಾರಿಗೂ ಹೇಳಲಿಲ್ಲ.

ಆ ವರ್ಷದ ಆಯುಧಪೂಜೆಗೆ ಅಕ್ಕ, ಭಾವ ಹಿಂದಿನ ದಿನವೇ ಬಂದರು. ಭಾವ ಮೊದಲಿಗಿಂತ ಮೆತ್ತಗಿದ್ದರು. ಕಾಫಿ ಕುಡಿಯುವಾಗ ಹೇಳಿದರು: "ಈಚೆಗೆ ಯಾಕೋ ಮೊನೆ ಮಂಜುಮಂಜಾಗಿ ಕಾಣ್ತದೆ ಕಣೋ. ನಲವತ್ತೈದು ದಾಟ್ತಲ್ಲ. ಒಂದು ವರ್ಷ ತಪ್ಪಿದ್ರೆ ಅಲ್ಲಿಗೆ ನಿಲ್ಲಿಸಿಬಿಡೋದು." ನಾನು ಸಮಾಧಾನದ ಮಾತು ಏನೋ ಹೇಳಿದೆ. ಒಳಗೊಳಗೆ ಹಿಗ್ಗಾಯಿತು.

ಪೂಜೆಯಲ್ಲಿ ಕೋವಿಗಳಿಗೆ ಗಂಧ ಹಚ್ಚುವ ಕೆಲಸ ನನ್ನದು. ತೇಯ್ದ ಗಂಧದ ಬಟ್ಟಲು ಹಿಡಿದು ಒಂದೊಂದರ ಹಿಡಿಗೆ, ನಳಿಗೆಗೆ ಬೊಟ್ಟು ಇಡುತ್ತ ಬಂದೆ. ಭಾವನ ರೈಫಲಿನ ಹತ್ತಿರ ಬಟ್ಟಲು ವಾಲಿ ಬೆರಳಿನಿಂದ ಒಂದು ಗಟ್ಟಿ ಹನಿ ನಳಿಗೆಯ ತುದಿಗೆ ಬಿತ್ತು. ಗುರಿ ಹಿಡಿಯುವ ಆ ಸಣ್ಣ ಮೊನೆಯ ನೆತ್ತಿಯ ಮೇಲೇ ಅಕ್ಕಿಕಾಳಿನಷ್ಟು ಗಂಧ ಕೂತಿತು. ಮೊನೆ ಅಷ್ಟು ಎತ್ತರವಾದರೆ ಗುಂಡು ಮೊಳದಷ್ಟು ಕೆಳಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ಕಲಿಸಿದವರು ಭಾವನೇ. ಹಸಿಯಿರುವಾಗಲೇ ಬೆರಳಿಂದ ತೆಗೆಯಬಹುದಿತ್ತು. ಬೇಕೆಂದು ಬೀಳಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಕಂಡ ಮೇಲೆ ಬೇಕೆಂದೇ ಬಿಟ್ಟೆ. ಪಕ್ಕದ ಕೋವಿಗೆ ಬೊಟ್ಟು ಇಡಲು ಹೋದೆ.

ಬೆಳಿಗ್ಗೆ ಬಯಲಿನಲ್ಲಿ ಭಾವನದೇ ಮೊದಲ ಸರದಿ. ಗುಂಡು ಕಾಯಿಯ ಕೆಳಗೆ ಮಣ್ಣಿಗೆ ಹೊಡೆಯಿತು. ಭಾವ ತೋಳಿನಿಂದ ಕಣ್ಣು ಒರೆಸಿಕೊಂಡರು. ಮೊನೆಯನ್ನು ಹತ್ತಿರದಿಂದ ನೋಡಿದ್ದರೆ ಆಗುತ್ತಿತ್ತು. ಅವರು ನೋಡಿದ್ದು ದೂರದ ಕಾಯಿಯನ್ನು. ಎರಡನೆಯದಕ್ಕೆ ಅಂದಾಜಿನಲ್ಲಿ ಮೇಲಕ್ಕೆ ಹಿಡಿದರು, ಅದು ಪಕ್ಕಕ್ಕೆ ಹೋಯಿತು. ಮೂರನೆಯದು ಮತ್ತೆ ಕೆಳಗೆ. ಯಾರೂ ನಗಲಿಲ್ಲ.

ನನ್ನ ಸರದಿ ಬಂತು. ತೆಳ್ಳಗಿನ ರೈಫಲಿನ ಮೊದಲನೇ ಗುಂಡು, ಭಾವ ಹೇಳಿದ್ದ ಹಾಗೇ, ಸಮ ಹೋಯಿತು. ಕಾಯಿ ಸಿಡಿಯಿತು. ಅವ್ವ ಆರತಿ ತಂದಳು, ಹೆಂಡತಿ ಕೈ ತಟ್ಟಿದಳು. ಎಲ್ಲರಿಗಿಂತ ಮೊದಲು ಓಡಿಬಂದು ನನ್ನನ್ನು ತಬ್ಬಿಕೊಂಡವರು ಭಾವ. ಎರಡು ವರ್ಷ ಕಾದ ದಿನ ಅದು. ಆದರೂ ಹೊಟ್ಟೆಕಿಚ್ಚು ಇಳಿಯಲಿಲ್ಲ. ಸೋತೂ ಹೀಗೆ ತಬ್ಬಿಕೊಳ್ಳಲು ಬರುತ್ತದಲ್ಲ ಇವರಿಗೆ, ಎಂದು ಇನ್ನಷ್ಟು ಉರಿಯಿತು.

ಮಾರನೆಯ ದಿನ ಅವರು ಹೊರಡುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಭಾವ ತಮ್ಮ ರೈಫಲನ್ನು ಚೀಲದಿಂದ ತೆಗೆದು ನನ್ನ ಕೈಗಿಟ್ಟರು. ಎಂದೂ ಒರೆಸದೆ ಒಳಗಿಡದ ಮನುಷ್ಯ ಹಿಂದಿನ ದಿನ ಹಾಗೇ ಚೀಲಕ್ಕೆ ತುರುಕಿದ್ದರು.

"ಬಾ, ಬಯಲಿಗೆ ಹೋಗಾಣ. ಒಂದು ಗುಂಡು ನೀ ಹೊಡಿ. ತಪ್ಪಿದ್ರೆ ಕೋವಿದೇ ಏನೋ ಕೆಟ್ಟದೆ, ರಿಪೇರಿ ಮಾಡಿಸ್ತೀನಿ. ತಾಗಿದ್ರೆ ನನ್ ಕಣ್ಣೇ ಹೋಯ್ತು ಅಂತ ಅರ್ಥ. ಆಗ ಇದನ್ನ ನಿನ್ ಲೈಸೆನ್ಸಿಗೆ ಹಾಕಿಸ್ಕಾ."

ಅವರು ಇನ್ನೊಂದು ಕಾಯಿ ಇಟ್ಟು ಬರಲು ಬದುವಿನ ಮೇಲೆ ಆಚೆ ದಡಕ್ಕೆ ಹೋದರು. ನಾನು ಒಬ್ಬನೇ ನಿಂತಿದ್ದೆ. ಗಂಧ ಮೊನೆಯ ಮೇಲೆ ಒಣಗಿ ಗಟ್ಟಿಯಾಗಿ ಕೂತಿತ್ತು. ಹಾಗೇ ಬಿಟ್ಟು ಹೊಡೆದರೆ ತಪ್ಪುತ್ತದೆ, ಭಾವ ರೈಫಲನ್ನು ರಿಪೇರಿಗೆ ಒಯ್ಯುತ್ತಾರೆ, ರಿಪೇರಿಯವನು ನಕ್ಕು ಉಗುರಿಂದ ಕೆರೆದು ಕೊಡುತ್ತಾನೆ, ಮುಂದಿನ ವರ್ಷ ಅವ್ವ ಮತ್ತೆ ಅವರಿಗೆ ಆರತಿ ಎತ್ತುತ್ತಾಳೆ. ಅಥವಾ ಅವರು ತಿರುಗಿ ಬಂದಾಗ ಬಾಯಿ ಬಿಟ್ಟು ಹೇಳಬಹುದಿತ್ತು.

ಗುಂಡು ಮುಗಿದಿತ್ತಲ್ಲ, ಈಗ ಗಂಧ ಒರೆಸಬಹುದು. ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆದೆ. ಅಂಗಡಿಯಲ್ಲಿ ಆರಿಸಿದ್ದನ್ನು ಬಿಡಿ, ನಾನು ನಿಜವಾಗಿ ಆರಿಸಿಕೊಂಡ ಮೊದಲ ರೈಫಲ್ ಇದು.

ಭಾವ ಬಂದು ಪಕ್ಕದಲ್ಲಿ ನಿಂತರು. ಹೆಗಲಿಗೆ ತೆಗೆದುಕೊಂಡೆ. ಒತ್ತಿದೆ. ಆಚೆ ದಡದಲ್ಲಿ ಕಾಯಿ ಎರಡು ಹೋಳಾಗಿ ಬಿತ್ತು.

ಭಾವ ನನ್ನ ಬೆನ್ನು ತಟ್ಟಿದರು. "ಕೋವಿ ಸರಿಯಾಗೇ ಇದೆ, ಅಲ್ಲನಾ? ಹೋಗಿದ್ದು ನನ್ ಕಣ್ಣೇ."

ನಾನು ಹೌದು ಭಾವ ಎಂದೆ.